ಕಂದು ಅಂಚಿನ ಮೇಣದ ತುಂಡು

ಬ್ಲೇಡು ನನ್ನ ಮೈಮೇಲಿಂದ ಜಾರಿತು. ಉಸಿರಿಗಿಂತ ತೆಳುವಾದ ಪದರವೊಂದು ಸುರುಳಿಯಾಗಿ ಎದ್ದು, ಬೆಚ್ಚಗಿನ ನೀರಿನ ಮೇಲೆ ಹರಡಿಕೊಂಡು ತೇಲಿತು. ಲ್ಯಾಬಿನ ಶಾಹಿದಾ ಅದನ್ನು ಗಾಜಿನ ಪಟ್ಟಿಯ ಮೇಲೆ ಎತ್ತಿಕೊಂಡಳು.

"ಇದ ಕಡೀದು ಡಾಕ್ಟ್ರ. ಇದಕ್ಕೂ ಬಣ್ಣ ಹತ್ತಲಿಲ್ಲ ಅಂದ್ರ ಮತ್ತ ಕೊಯ್ಯಾಕ ಏನೂ ಉಳಿದಿಲ್ಲ."

ನಾನು ಒಂದು ಮೇಣದ ತುಂಡು, ಬೆಂಕಿಪೆಟ್ಟಿಗೆಗಿಂತ ಚಿಕ್ಕದು. ಧಾರವಾಡದ ಗೋದಾಬಾಯಿಯ ಗರ್ಭಕೋಶದ ಚೂರೊಂದು ನನ್ನೊಳಗೆ ಮಲಗಿದೆ. ನನ್ನ ಹಳೆಯ ನೆನಪೆಲ್ಲ ಅದರದೇ: ಕತ್ತಲು, ಬಿಸುಪು, ಎಲ್ಲೋ ದೂರದಲ್ಲಿ ಹೋಳಿಗೆ ಲಟ್ಟಿಸುವ ಸದ್ದು.

ಗೋದಾಬಾಯಿ ಮದುವೆಮನೆಗಳಲ್ಲಿ ಮಡಿಯಲ್ಲಿ ಅಡುಗೆ ಮಾಡುವವಳು. ಮುಟ್ಟು ನಿಂತು ಎಷ್ಟೋ ವರ್ಷಗಳಾದ ಮೇಲೆ ಒಂದು ದಿನ ಮತ್ತೆ ರಕ್ತ ಕಂಡಿತು. ಅವಳು ದವಾಖಾನೆಗೆ ಹೋಗಲಿಲ್ಲ. ಹಳೆಯ ಚಾಪೆ ಹುಡುಕಿ ತೆಗೆದು, ಒಲೆ ಮುಟ್ಟದೆ, ಹಿತ್ತಲಿನಲ್ಲಿ ಹೊರಗೆ ಕೂತಳು.

ನಾದಿನಿ ಪದ್ಮಾ ದೂರದಿಂದಲೇ ತಾಟು ಸರಿಸುತ್ತ ನಕ್ಕಳು. "ಏನ ವೈನಿ, ಈ ವಯಸ್ಸಿನ್ಯಾಗ ಮತ್ತ ಹರೇ ಬಂತೇನು? ನಮ್ಮಣ್ಣ ಇದ್ದಿದ್ರ ಹೆದರಿ ಓಡಿಹೋಗ್ತಿದ್ದ!"

"ಸುಮ್ನ ಕೂಡು, ಹಲ್ಲ ಬಿದ್ದಾಕಿ," ಎಂದು ಗೋದಾಬಾಯಿಯೂ ನಕ್ಕಳು. ನಾಲ್ಕನೆಯ ದಿನ ತಲೆಗೆ ನೀರು ಹಾಕಿಕೊಂಡು ಒಳಗೆ ಬಂದಳು. ಮುಂದಿನ ತಿಂಗಳೂ ಹಾಗೆಯೇ. ಶ್ರಾವಣ ಹೋಯಿತು, ದೀಪಾವಳಿ ಹೋಯಿತು.

ಅವಳ ಒಡಲೊಳಗೆ ಬೇರೆಯದೇ ನಡೆದಿತ್ತು. 'ಬೆಳೆ' ಎಂಬ ಮಾತನ್ನು ಕೇಳಿಸಿಕೊಳ್ಳುವ ಕಿವಿಗಳನ್ನು ಮಾಡಲು ಪ್ರತಿ ಜೀವಕೋಶದಲ್ಲೂ ಒಂದು ಜೀನ್ ಇರುತ್ತದೆ. ಬೇಕಾದಷ್ಟು ಮಾಡಿ ಅದು ಸುಮ್ಮನಾಗುತ್ತದೆ. ನಮ್ಮಲ್ಲಿ, ಈ ಚೂರಿನ ಕೋಶಗಳಲ್ಲಿ, ಅದು ಸುಮ್ಮನಾಗಲಿಲ್ಲ. ತನ್ನ ನಕಲುಗಳನ್ನು ತಾನೇ ಹೆಚ್ಚಿಸಿಕೊಂಡು ಬಿಡುವಿಲ್ಲದೆ ದುಡಿಯಿತು. ಕೋಶದ ಅಂಚಿನ ತುಂಬ ಒತ್ತೊತ್ತಾಗಿ ಕಿವಿಗಳು. ಪಿಸುಮಾತೂ ನಮಗೆ ಗುಡುಗಿನಂತೆ ಕೇಳಿಸಿತು: ಬೆಳೆ, ಬೆಳೆ. ನಾವು ಬೆಳೆದೆವು. ಅವಳನ್ನು ತುಂಬಿಕೊಳ್ಳುವುದೇ ಪ್ರೀತಿ ಎಂದುಕೊಂಡಿದ್ದೆವು.

ಅವಳು ಒಂದು ಮುಂಜಿಯ ಮನೆಯಲ್ಲಿ ಕುಸಿದು ಬಿದ್ದ ಮೇಲೆ ಆಪರೇಷನ್ ಆಯಿತು. ನಾನು ಬಿಸಿ ಮೇಣದಲ್ಲಿ ಮುಳುಗಿ, ತಣಿದು, ಹೀಗಾದೆ. ಕೈಯಿಂದ ಕೈಗೆ ಹೋದೆ. ಎಲ್ಲರನ್ನೂ ಕೆಳಗಿನಿಂದ ಕಂಡೆ: ಗದ್ದಗಳು, ಮಾಸ್ಕುಗಳು, ಶಾಹಿದಾಳ ಆಕಳಿಕೆ. ಗೋದಾಬಾಯಿಯ ಹೊಟ್ಟೆಯಲ್ಲಿ ರೋಗ ಇನ್ನೂ ಉಳಿದಿತ್ತು. ಆ ಕಿವಿಗಳನ್ನು ಮುಚ್ಚುವ ಔಷಧಿಯೊಂದಿತ್ತು. ಕಿವಿಗಳು ವಿಪರೀತವಾಗಿದ್ದರೆ ಮಾತ್ರ ಅದು ನಾಟುವುದು. ಅದನ್ನು ತಿಳಿಯಲೆಂದೇ ನನ್ನನ್ನು ಕೊಯ್ದರು. ಕಿವಿಗಳಿದ್ದಲ್ಲಿ ಮಾತ್ರ ಕಂದಾಗುವ ಬಣ್ಣವೊಂದನ್ನು ಹಚ್ಚಿದರು; ಮೊದಲಿನ ಪದರಗಳಿಗೆ ಅದು ಸರಿಯಾಗಿ ಹತ್ತಲಿಲ್ಲ.

ಕೊನೆಯದಕ್ಕೆ ಹತ್ತಿತು. ಸೂಕ್ಷ್ಮದರ್ಶಕದ ಬೆಳಕಿನಲ್ಲಿ ಒಂದೊಂದು ಕೋಶದ ಸುತ್ತಲೂ ಗಾಢವಾದ ಕಂದು ಅಂಚು.

"ಸಿಕ್ತು," ಎಂದರು ಡಾಕ್ಟರು. "ಪೂರಾ ವಾಸಿ ಆಗ್ತದ ಅಂತ ಹೇಳಂಗಿಲ್ಲ. ಆದ್ರ ಔಷಧಿಗೆ ಹಿಡೀಲಿಕ್ಕೆ ಜಾಗಾ ಸಿಕ್ತು."

ಆಮೇಲೆ ಕಪಾಟಿನ ಮೂಲೆಯಲ್ಲಿ ನಾನು ಬಹಳ ಕಾಲ ಮಲಗಿದ್ದೆ. ಮೈಯಲ್ಲಿ ಮೇಣವೇ ಹೆಚ್ಚು, ಅಂಚಿನಲ್ಲಿ ಎಳೆಯಷ್ಟು ಮಾಂಸ. ಅವಳಲ್ಲಿಗೆ ಮರಳುವ ಆಸೆ ಮಾತ್ರ ತೆಳ್ಳಗಾಗಲಿಲ್ಲ.

ಒಂದು ಮಧ್ಯಾಹ್ನ ಅವಳೇ ಬಂದಳು, ಪದ್ಮಾಳ ಹೆಗಲು ಹಿಡಿದು. ತಲೆಯ ಮೇಲೆ ಹೊಸ ಕೂದಲು ಚಿಗುರಿತ್ತು. ಉಳಿದ ಮೇಣದ ತುಂಡನ್ನು ರೋಗಿಯ ಕೈಗೇ ಕೊಡುವುದು ಆ ಲ್ಯಾಬಿನ ವಾಡಿಕೆ. ಶಾಹಿದಾ ನನ್ನನ್ನು ಅಂಗೈಯಲ್ಲಿಟ್ಟು ಚಾಚಿದಳು.

"ಇದರಾಗ ನಿಮ್ಮ ಚೂರು ಐತ್ರಿ ಅಮ್ಮಾರ. ಮನೀಗೆ ಒಯ್ರಿ."

ಗೋದಾಬಾಯಿ ಬಾಗಿದಳು. ನಾನು ಮೊದಲ ಸಲ ಅವಳ ಮುಖ ಕಂಡೆ.

"ತಗೊ ವೈನಿ," ಎಂದಳು ಪದ್ಮಾ, "ನಿಂದ ಅಲ್ಲೇನು?"

"ಒಲ್ಲೆ," ಎಂದಳು ಗೋದಾಬಾಯಿ.