ದಿಂಬಿನ ಬಸುರಿ

"ಏಯ್ ಮುಂಡೇದೇ, ಬಾಗಿಲು ಬಿಟ್ಟು ಆಚೆ ನಿಲ್ಲು! ಹೊಸಾ ಹಾಸಿಗೆ, ಗಲೀಜಾದ್ರೆ ನಿಮ್ಮಪ್ಪ ಬಂದು ಒಗೀತಾನಾ?"

ಆರೋಗ್ಯ ಇಲಾಖೆಯ ಸಾಹೇಬರು ಬೈದದ್ದು ಕಲ್ಲು ಒಡೆಯುವ ಮುದುಕಿಯನ್ನು. ಅವಳ ಹೆಗಲಿಗೆ ಜೋತುಬಿದ್ದು ಸೊಸೆ ಹಲ್ಲು ಕಚ್ಚಿ ನಿಂತಿದ್ದಳು. ಎದುರಿಗೆ ಹೆರಿಗೆ ವ್ಯಾನು, ಅದರ ಬಾಗಿಲಿಗೆ ಅಡ್ಡ ಕೆಂಪು ರಿಬ್ಬನ್ನು. ಮೂಗಿಗಿಂತ ಮೂಗುತಿ ಭಾರ. ಪ್ರವಾಹ ದಾರಿಯನ್ನೇ ನುಂಗಿದ ಮೇಲೆ, ಈ ವ್ಯಾನು ಬರಲೆಂದು ಕೇರಿಯ ಹೆಂಗಸರೇ ಕಲ್ಲು ಹೊತ್ತು ರಸ್ತೆ ಮಾಡಿದ್ದರು. ತುಂಬಿದ ಹೊಟ್ಟೆಯ ಸೊಸೆಯೂ ಹೊತ್ತಿದ್ದಳು. ಹೊಳೆ ಮುದುಕಿಯ ಮಗನನ್ನು ಕೊಂಡೊಯ್ದಿತ್ತು. ಅವನದೆಂದು ಉಳಿದದ್ದು ಆ ಹೊಟ್ಟೆಯಲ್ಲಿದ್ದ ಕೂಸು ಮಾತ್ರ. ಅದೂ ಕೈತಪ್ಪೀತೆಂದು ಮುದುಕಿಯ ಜೀವ ಹೊಡೆದುಕೊಳ್ಳುತ್ತಿತ್ತು.

ಒಳಗೆ ಮಂಚದ ಮೇಲೆ ಬಸುರಿಯೊಬ್ಬಳು ಆಗಲೇ ಮಲಗಿದ್ದಳು. ಬೇರೆ ಯಾರೂ ಅಲ್ಲ, ವ್ಯಾನಿನ ನರ್ಸಮ್ಮನೇ. ಹೊಟ್ಟೆಗೆ ದಿಂಬು ಕಟ್ಟಿಸಿದ್ದರು. ನಿಜವಾದ ಬಸುರಿಯರು ಬಡಕಲು, ಮೈಯೆಲ್ಲ ಕೆಸರು, ಫೋಟೋಕ್ಕೆ ಲಕ್ಷಣವಿಲ್ಲ ಎಂದು ಸಾಹೇಬರ ತೀರ್ಮಾನ. ದಿಂಬಿಗಾದರೆ ರಕ್ತಹೀನತೆಯೂ ಇಲ್ಲ, ಬೇನೆಯೂ ಇಲ್ಲ.

"ನೋವು ಶುರುವಾಗಿದೆ ಸ್ವಾಮಿ," ಎಂದಳು ಮುದುಕಿ.

"ಮೊದ್ಲು ಉದ್ಘಾಟನೆ ಆಗ್ಲಿ. ದೊಡ್ಡವರು ದಾರೀಲಿದಾರೆ. ಅಲ್ಲೀತನಕ ತಡ್ಕೊಳ್ಳೋಕೆ ಹೇಳು."

"ಯಾರಿಗೆ ಹೇಳ್ಲಿ? ಇವಳಿಗೋ, ಒಳಗಿರೋ ಕೂಸಿಗೋ?"

ಸ್ವಾಗತಕ್ಕೆಂದು ಸಾಲಾಗಿ ನಿಲ್ಲಿಸಿದ್ದ ಕೇರಿಯ ಹೆಂಗಸರು ಕಿಸಕ್ಕೆಂದರು. ಸಾಹೇಬರಿಗೆ ಮೂಗಿನ ತುದಿಯಲ್ಲೇ ಕೋಪ.

"ನಾಲಿಗೆ ಉದ್ದ ಆಯ್ತು! ಬಯಲಲ್ಲಿ ಹೆತ್ತು ರೂಢಿ ಇರೋರೇ ಅಲ್ವೇನೇ ನೀವು?"

ಅಷ್ಟರಲ್ಲಿ ಸೊಸೆಯ ಕಾಲಡಿ ನೀರೊಡೆದು ಹರಿಯಿತು. ಸಾಹೇಬರು ಬೂಟು ಎತ್ತಿಕೊಂಡು ಹಿಂದಕ್ಕೆ ಹಾರಿದರು.

ಮುದುಕಿ ರಿಬ್ಬನ್ನನ್ನು ಒಂದೇ ಎಳೆತಕ್ಕೆ ಕಿತ್ತಳು. "ನಿನ್ನ ಉದ್ಘಾಟನೆಗೆ ಬೆಂಕಿ ಬೀಳ! ನಾವು ಹೊತ್ತ ಕಲ್ಲಿನ ಮೇಲೆ ಬಂದ ಗಾಡಿ ಇದು. ಏಳವ್ವಾ ನರ್ಸಮ್ಮಾ, ನಿನ್ನ ದಿಂಬು ಇವತ್ತು ಹೆರೋದಿಲ್ಲ!"

ನರ್ಸಮ್ಮ ದಡಬಡಿಸಿ ಎದ್ದಳು. ಹೊಟ್ಟೆಯ ದಿಂಬು ಬಿಚ್ಚಿ, ಮುದುಕಿ ಮಂಚಕ್ಕೆ ಮಲಗಿಸಿದ ಸೊಸೆಯ ತಲೆಯಡಿಗಿಟ್ಟಳು. ನಿಜ ಹೇಳಬೇಕೆಂದರೆ, ಅದನ್ನು ಹೊತ್ತು ಅವಳಿಗೂ ಸಾಕಾಗಿತ್ತು.

ದೊಡ್ಡವರ ಕಾರು ಬರುವ ಹೊತ್ತಿಗೆ ಒಳಗೆ ಕೂಸು ಕಿರುಚುತ್ತಿತ್ತು. ಸಾಹೇಬರು ತಟ್ಟೆಯಲ್ಲಿ ಕತ್ತರಿಯಿಟ್ಟುಕೊಂಡು, ಹಲ್ಲು ಕಿರಿದು, ಇಲ್ಲದ ರಿಬ್ಬನ್ನಿನ ಮುಂದೆ ನಿಂತಿದ್ದರು. ಹೆರಿಗೆಯ ಸಾಮಾನೆಲ್ಲ ವ್ಯಾನಿನ ಪೆಟ್ಟಿಗೆಯಲ್ಲಿ, ಪೆಟ್ಟಿಗೆಗೆ ಬೀಗ. ಅದನ್ನೂ ದೊಡ್ಡವರ ಕೈಯಿಂದಲೇ ತೆಗೆಸಬೇಕೆಂದು ಜೋಪಾನವಾಗಿ ಎತ್ತಿಟ್ಟಿದ್ದ ಬೀಗದ ಕೈಯನ್ನು ಸಾಹೇಬರು ಮನೆಯಲ್ಲೇ ಮರೆತು ಬಂದಿದ್ದರು.

ಬಾಗಿಲಲ್ಲಿ ಮುದುಕಿ ಕಾಣಿಸಿಕೊಂಡಳು, ಮೊಣಕೈತನಕ ರಕ್ತ. ನೇರ ದೊಡ್ಡವರ ಮುಂದೆ ಕೈ ಚಾಚಿದಳು.

"ಉದ್ಘಾಟನೆ ಆಯ್ತು ಸ್ವಾಮಿ, ಹೆಣ್ಣು ಕೂಸು. ಆ ಕತ್ತರಿ ಇತ್ತ ಕೊಡಿ, ಕೇರಿಯೋರು ತಂದ ಕುದಿಯೋ ನೀರಿಗೆ ಹಾಕ್ಬೇಕು. ಹೊಕ್ಕಳಬಳ್ಳಿ ಇನ್ನೂ ಕತ್ತರಿಸಿಲ್ಲ."

ದೊಡ್ಡವರು ಗಾಬರಿಯಿಂದ ಕತ್ತರಿ ಎತ್ತಿ ಕೊಡಹೋದರು.

"ಒಂದ್ನಿಮಿಷ ಸಾರ್," ಎಂದ ಫೋಟೋದವನು. "ಹಾಗೇ ಹಿಡ್ಕೊಂಡಿರಿ. ಅಜ್ಜೀ, ಸ್ವಲ್ಪ ನಗು."

ಮುದುಕಿ ಕತ್ತರಿ ಕಸಿದುಕೊಂಡು ಒಳಗೆ ಹೋಗಿ, ಅವರೆಲ್ಲರ ಮುಖಕ್ಕೆ ಬಾಗಿಲು ಬಡಿದಳು.