ನೀರಿಗಿಟ್ಟ ಎಡೆ

ನೀರು ಕುದಿಯತೊಡಗಿತು. ಗಾಳಿಯಿಲ್ಲ, ಒಂದೆಲೆಯೂ ಅಲುಗುತ್ತಿಲ್ಲ. ತುರ್ವಿಹಾಳದಾಚೆಯ ಕೆರೆಯ ಮೂಲೆಯಲ್ಲಿ, ಜಾಲಿ ಮರದ ಮುಂದೆ ಮಾತ್ರ, ಜಮಖಾನೆಯಷ್ಟಗಲದ ನೀರು ಪಟಪಟ ಸಿಡಿಯುತ್ತಿತ್ತು. ಬೆರಳುದ್ದದ ಮೀನುಗಳು ಒಂದರ ಮೇಲೊಂದು ಬಿದ್ದು ಬಾಯಿ ಮೇಲೆತ್ತಿದ್ದವು. ಶಿವಪ್ರಸಾದ ಗಾಳದ ಕೋಲು ಕೈಗೆತ್ತಿಕೊಂಡ.

ಹುಚ್ಚು ಅಂದರೆ ಇದೇ ಇರಬೇಕು. ಲಿಂಗಸುಗೂರಿನ ಒಂದು ಸಹಕಾರಿ ಬ್ಯಾಂಕಿನಲ್ಲಿ ಜವಾನ ಅವನು. ಭಾನುವಾರ ಮನೆಯಲ್ಲಿ ಫ್ಯಾನಿನ ಕೆಳಗೆ ಮಲಗುವುದು ಬಿಟ್ಟು, ಬೈಕು ಹತ್ತಿ, ಮಸ್ಕಿಯಲ್ಲೊಂದು ಚಹಾ ಕುಡಿದು, ಕಾಲುವೆ ಬಂದಾಗಿ ಕೆರೆ ಅರ್ಧಕ್ಕಿಳಿದ ಈ ಸುಡು ಬಿಸಿಲಿಗೆ ಬಂದು ನಿಲ್ಲುತ್ತಾನೆ. ಮೀನು ತಿನ್ನುವ ಆಸೆಯೋ ಎಂದರೆ ಅದು ಅರ್ಧ ಮಾತ್ರ. ಫೋಟೋ ತೆಗೆದು ಸ್ಟೇಟಸ್ಸಿಗೆ ಹಾಕಬೇಕು, ಗೆಳೆಯ ವಾಸಿಂ ಅದನ್ನು ನೋಡಿ ಹೊಟ್ಟೆ ಉರಿದುಕೊಳ್ಳಬೇಕು. ಈ ವಿದ್ಯೆ ಕಲಿಸಿದವನೂ ಆ ವಾಸಿಂನೇ ಅನ್ನಿ.

“ಮ್ಯಾಲ ಕುಣಿಯೂ ಸಣ್ಣವನ್ನ ಹಿಡದು ಏನ್ ಮಾಡ್ತೀ ಲೇ? ದೊಡ್ಡದು ಅವುಗಳ ಕೆಳಗ ಸುಮ್ನ ಕುಂತಿರತೈತಿ. ಗಾಳಕ್ಕ ಭಾರ ಕಟ್ಟು. ಸಣ್ಣವು ಬಾಯಿ ಹಾಕೂದ್ರಾಗ ಹಿಟ್ಟು ತಳಾ ಮುಟ್ಟಬೇಕು,” ಎಂದಿದ್ದ.

ಹೋದ ಭಾನುವಾರ ಶಿವಪ್ರಸಾದ ಹಾಗೇ ಮಾಡಿದ್ದ. ಶೇಂಗಾ ಹಿಂಡಿ ಕಲೆಸಿದ ಹಿಟ್ಟಿನುಂಡೆ ಸಣ್ಣ ಮೀನುಗಳ ಗದ್ದಲ ದಾಟಿ ಕೆಳಗಿಳಿದದ್ದೇ ತಡ, ದಾರ ಬಿಗಿಯಿತು. ತೋಳುದ್ದದ ಕಟ್ಲಾ! ಆದರೆ ಅಷ್ಟು ದೊಡ್ಡ ಮೀನು ಒಮ್ಮೆಯೂ ಜಗ್ಗಾಡಲಿಲ್ಲ. ಯಾರೋ ಕರೆದರೆಂದು ಬಂದ ಹಾಗೆ ದಂಡೆಗೆ ಬಂತು. ಮನೆಯಲ್ಲಿ ಅದನ್ನು ಹೆಚ್ಚಲು ಕುಳಿತ ಹೆಂಡತಿ ಸುರೇಖಾ, “ಇದರ ಎಡಗಣ್ಣಾಗ ಬೆಳ್ಳಗ ಹೂವು ಬಿದ್ದೈತಿ ನೋಡ್ರಿ, ಮನಷ್ಯಾರಿಗೆ ಬಿದ್ದಂಗ,” ಎಂದು ಈಳಿಗೆ ಸರಿಸಿ ಎದ್ದುಬಿಟ್ಟಳು. ಇವನೇ ಹೆಚ್ಚಿದ. ಅವಳು ತುತ್ತು ಮುಟ್ಟಲಿಲ್ಲ, ಇವನು ಎರಡು ಹೊತ್ತು ಕುತ್ತಿಗೆಮಟ ಉಂಡ.

ಇವತ್ತು ಅದರ ಜೋಡಿ ಸಿಕ್ಕೀತೆಂದು ಗಾಳಕ್ಕೆ ಹಿಟ್ಟು ಅಂಟಿಸುತ್ತಿದ್ದಾಗ ಬೆನ್ನ ಹಿಂದೆಯೇ ದನಿ ಕೇಳಿತು.

“ಅದನ್ನ ಸ್ವಲ್ಪ ಅತ್ಲಾಗ ಇಡು ತಮ್ಮಾ. ನನ್ನ ಮಗ ಉಣ್ಣಾಕ ಬರೂ ಹೊತ್ತು.”

ಹೌಹಾರಿ ತಿರುಗಿದ. ಬಟ್ಟೆ ಕಟ್ಟಿದ ಬೋಗುಣಿ ಹಿಡಿದು ಒಬ್ಬ ಮುದುಕಿ ನಿಂತಿದ್ದಳು. ಬಟಾಬಯಲಾದ ಕೆರೆಯಂಗಳದಲ್ಲಿ ಅಷ್ಟು ದೂರದಿಂದ ನಡೆದು ಬಂದವಳು ಕಣ್ಣಿಗೇ ಬೀಳಲಿಲ್ಲವಲ್ಲ!

“ಎಲ್ಲಿ ಅದಾನ್ರೀ ಅಮ್ಮಾ, ಮಗ?”

“ಇಲ್ಲೇ,” ಎಂದು ಅವಳು ಗದ್ದದಿಂದ ನೀರು ತೋರಿಸಿದಳು.

ಹೆಸರು ಮುದುಕಮ್ಮ. ಗಂಟು ಬಿಚ್ಚುತ್ತ ತಾನೇ ಎಲ್ಲ ಹೇಳಿದಳು. ಮಗ ಲಕ್ಷ್ಮಣ ಎಮ್ಮೆ ಮೈ ತೊಳೆಯಲು ಇಳಿದವನು ಮೇಲೇಳಲಿಲ್ಲ. ಬಲೆ ಹಾಕಿದರು, ದೋಣಿ ತಂದರು, ಹೆಣ ಸಿಗಲಿಲ್ಲ.

“ಮಣ್ಣು ಕೊಟ್ಟಿದ್ದರ ಕುಣಿ ಮ್ಯಾಲ ಎಡಿ ಇಡ್ತಿದ್ದೆ. ನೀರಾಗ ಹೋದಾಂವಗ ಎಲ್ಲಿ ಇಡ್ಲೆಪ್ಪಾ? ನೀರಿಗೇ ಇಟ್ಟೆ. ಮೊದಲ ಸಣ್ಣವು ಬಂದ್ವು. ದಿನಾ ಇಟ್ಟೆ. ಒಂದಿನ ಅವುಗಳ ಕೆಳಗಿಂದ ಅವ ಬಂದ. ನನ್ನ ಕೈಯಾಗಿಂದಽ ಉಂಡ. ಎಡಗಣ್ಣಾಗ ಹೂವು! ಸಣ್ಣಾಂವ ಇದ್ದಾಗ ಜಾಲಿಮುಳ್ಳು ಬಡದು ಬಿದ್ದಿತ್ತಲ್ಲ, ಅದಽ ಹೂವು. ಹೆತ್ತಕ್ಕಿಗೆ ಗುರ್ತು ಸಿಗಂಗಿಲ್ಲೇನು?”

ಸುರೇಖಾ ಈಳಿಗೆ ಸರಿಸಿ ಎದ್ದದ್ದು ಶಿವಪ್ರಸಾದನಿಗೆ ನೆನಪಾಯಿತು.

“ಈಗ ವಾರಾತು, ಬಂದಿಲ್ಲ. ಸಿಟ್ಟಾಗ್ಯಾನ. ಅದಕ್ಕ ಇವತ್ತ ಅವಗ ಸೇರೂ ಬೆಲ್ಲದನ್ನ ಮಾಡೀನಿ.”

ಬೈಕಿನ ಕೀಲಿ ಜೇಬಿನಲ್ಲೇ ಇತ್ತು. ಹೊರಟುಬಿಡಬೇಕೆಂದುಕೊಂಡ, ಹೊರಡಲಿಲ್ಲ. ಹೇಳಿದರೆ ಈ ಜೀವಕ್ಕೆ ಇನ್ನೊಮ್ಮೆ ಮಗ ಸತ್ತಂತೆ. ಹೇಳದಿದ್ದರೆ ಅವಳು ನಾಳೆಯೂ ಬರುತ್ತಾಳೆ, ನಾಡಿದ್ದೂ ಬರುತ್ತಾಳೆ. ಮೀನು ಮೀನೇ, ಮುದುಕಿಗೆ ಭ್ರಮೆ ಎಂದು ತನಗೆ ತಾನೇ ಹೇಳಿಕೊಂಡ. ಆದರೂ ಗಾಳದ ಕೋಲನ್ನು ಮೆಲ್ಲಗೆ ನೆಲಕ್ಕಿಟ್ಟ.

ಮುದುಕಮ್ಮ ಮೊಳಕಾಲು ನೀರಿಗಿಳಿದಳು. ತುತ್ತು ಕಟ್ಟಿ ಅಂಗೈಯನ್ನು ನೀರಿಗೆ ತಾಗಿಸಿ ಕರೆದಳು.

“ಲಕ್ಷ್ಮಣಾ, ಬಾರೋ ಯಪ್ಪಾ. ಉಣಬಾ.”

ಸಿಡಿಯುತ್ತಿದ್ದ ನೀರು ತಟಕ್ಕನೆ ನಿಂತಿತು. ಆ ಇಡೀ ಮೀನಿನ ಹಿಂಡು ಕಪ್ಪು ನೆರಳಾಗಿ ತಿರುಗಿತು. ಅವಳ ಕೈಯ ಕಡೆ ಬಂತು, ಕೈಯನ್ನು ದಾಟಿತು, ನೆಟ್ಟಗೆ ದಂಡೆಗೆ ಬಂದು ಶಿವಪ್ರಸಾದನ ಪಾದದ ಮುಂದೆ ಮತ್ತೆ ಕುದಿಯತೊಡಗಿತು. ಅವನು ಎರಡು ಹೆಜ್ಜೆ ಪಕ್ಕಕ್ಕೆ ಸರಿದ. ಹಿಂಡೂ ಸರಿಯಿತು.

ಮುದುಕಮ್ಮ ಇನ್ನೊಮ್ಮೆ ಕರೆದಳು. ಒಂದು ಮೀನೂ ಅವನನ್ನು ಬಿಟ್ಟು ಕದಲಲಿಲ್ಲ. ಆಗ ಅವಳು ಅವನ ಕಾಲು ನೋಡಿದಳು, ಗಾಳ ನೋಡಿದಳು, ಮುಖ ನೋಡಿದಳು.

“ಯಾವತ್ತ ಹಿಡದಿ?”

“ಹೋದ ಐತಾರ... ಗೊತ್ತಿರಲಿಲ್ರೀ ಅಮ್ಮಾ.”

“ಉಂಡಿಯೇನು?”

ಅವನು ಹೌದೆಂದು ತಲೆಯಾಡಿಸಿದ. ಬೈಯಲಿ, ಮಣ್ಣು ತೂರಲಿ, ಕಪಾಳಕ್ಕೆ ಹೊಡೆಯಲಿ, ಏನಾದರೂ ಮಾಡಲಿ ಎಂದು ಕಾದ. ಅವಳ ಕಣ್ಣಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು. ಅದನ್ನು ನೋಡಲಾಗದೆ ಅವನಿಗೂ ಅಳು ಒತ್ತರಿಸಿ ಬಂತು.

“ಪೂರಾ ಉಂಡಿ? ಚೆಲ್ಲಿಲ್ಲಲ್ಲ?” ಎಂದಳು ಕಣ್ಣೊರೆಸಿಕೊಳ್ಳುತ್ತ.

“ಇಲ್ರೀ ಅಮ್ಮಾ. ಒಂದು ಚೂರೂ ಚೆಲ್ಲಿಲ್ಲ.”

ಅವಳು ನಿಟ್ಟುಸಿರುಬಿಟ್ಟಳು. ಒದ್ದೆ ಸೀರೆ ಎಳೆದುಕೊಂಡು ದಂಡೆ ಹತ್ತಿ ಬಂದು, ಅವನ ರಟ್ಟೆ ಹಿಡಿದು ಜಾಲಿಯ ನೆರಳಿಗೆ ಕೂರಿಸಿದಳು.

“ಬಾಯಿ ತಗಿ, ಲಕ್ಷ್ಮಣಾ,” ಎಂದಳು. “ವಾರಾತು, ಹಸದೀ.”

ಬೆಲ್ಲದನ್ನ ತುಟಿಗೆ ತಾಗಿತು. ಶಿವಪ್ರಸಾದ ಬಾಯಿ ತೆರೆದ. ಅವನು ಅದನ್ನು ನುಂಗುವಷ್ಟರಲ್ಲಿ ಮುದುಕಮ್ಮನ ಬೆರಳುಗಳು ಇನ್ನೊಂದು ತುತ್ತು ಕಟ್ಟುತ್ತಿದ್ದವು.