ಮಾವನ ಕತ್ತಿ, ಅಳಿಯನ ಗದ್ದ

ಬಸ್ ಡ್ರೈವರನ ಗಡ್ಡ ಬಲು ಒರಟು. ಬೆಳಗ್ಗೆ ಬ್ಲೇಡು ಹಾಕಿ ಕೆರೆದುಕೊಂಡು ಹೋದರೆ ಮಧ್ಯಾಹ್ನದ ಹೊತ್ತಿಗೆ ಮತ್ತೆ ಮುಳ್ಳುಮುಳ್ಳು. ಮಗಳು ಹುಟ್ಟುವವರೆಗೆ ಅದು ದೊಡ್ಡ ವಿಷಯವೇ ಆಗಿರಲಿಲ್ಲ. ಹೆಂಡತಿ ಒಮ್ಮೊಮ್ಮೆ ಗೊಣಗುತ್ತಿದ್ದಳು, ಅಷ್ಟೆ. ಆದರೆ ಗುಬ್ಬಿ ಅಂತ ಅವರು ಕರೆಯುತ್ತಿದ್ದ ಆ ಮಗು, ಅಪ್ಪ ಮುದ್ದಿಸಲು ಬಗ್ಗಿದರೆ ಸಾಕು, ಮುಖ ಕಿವುಚಿ ಕಿರುಚುತ್ತಿತ್ತು. ಎಳೆಗೆನ್ನೆಯ ಮೇಲೆ ಕೆಂಪು ಗೀರುಗಳು ಏಳುತ್ತಿದ್ದವು. ಅದೇ ಗುಬ್ಬಿ ತಾತನ ಕೆನ್ನೆಗೆ ಕೆನ್ನೆ ಒತ್ತಿಕೊಂಡು, ಅಲ್ಲೇ ಜೊಲ್ಲು ಸುರಿಸುತ್ತ, ನಿದ್ದೆ ಹೋಗುತ್ತಿತ್ತು.

ತಾತ ಬಡಗಿ. ಕೆಳಗೆ ಅವರ ಮರಗೆಲಸದ ಅಂಗಡಿ, ಮೇಲಿನ ಎರಡು ಕೋಣೆಯಲ್ಲಿ ಮಗಳು, ಅಳಿಯ, ಮೊಮ್ಮಗಳು. ತಾತ ದಿನವೂ ಬೆಳಗ್ಗೆ ಅಂಗಡಿಯ ಹಿಂದಿನ ಕನ್ನಡಿಯ ಮುಂದೆ ನಿಂತು, ಹಳೇ ಕಾಲದ ಮಡಿಸುವ ಕತ್ತಿಯಲ್ಲಿ ಕ್ಷೌರ ಮಾಡಿಕೊಳ್ಳುತ್ತಿದ್ದರು. ಆಮೇಲೆ ಅವರ ಕೆನ್ನೆ ಹೊಸದಾಗಿ ಪಾಲಿಶ್ ಕೊಟ್ಟ ಮೇಜಿನ ಹಾಗೆ ಇರುತ್ತಿತ್ತು.

ಡ್ರೈವರನಿಗೆ ಹೊಟ್ಟೆಕಿಚ್ಚು. ಒಂದು ದಿನ ಹೆಂಡತಿಯ ಹತ್ತಿರ ಬಾಯಿ ಬಿಟ್ಟ.

"ನನ್ನ ಮಗು ನನ್ನ ಹತ್ರಾನೇ ಬರಲ್ಲ ಅಂದ್ರೆ ಏನರ್ಥ?"

"ಮರಳುಕಾಗದಕ್ಕೆ ಯಾರಾದ್ರೂ ಮುತ್ತು ಕೊಡ್ತಾರಾ?" ಹೆಂಡತಿ ನಕ್ಕಳು. "ಹೋಗಿ, ಅಪ್ಪನ್ನ ಕೇಳಿ. ಹೇಳಿಕೊಡ್ತಾರೆ."

ಕೇಳುವುದು ಹೇಗೆ? ಮದುವೆಯಾದಾಗಿನಿಂದ ಮಾವ ಅಳಿಯನ ನಡುವೆ "ಊಟ ಆಯ್ತಾ?" "ಆಯ್ತು ಮಾವ" ಎಂಬುದನ್ನು ಬಿಟ್ಟರೆ ಹೆಚ್ಚಿಗೆ ಮಾತೇ ನಡೆದಿರಲಿಲ್ಲ. ಮಾವ ಅವನನ್ನು ಇವತ್ತಿಗೂ 'ನೀವು' ಅನ್ನುತ್ತಿದ್ದರು. ಮಗಳು ತಾನೇ ಮೆಚ್ಚಿ ಕರೆದುಕೊಂಡು ಬಂದ ಗಂಡು ಇವರಿಗೆ ಹಿಡಿಸಿಲ್ಲ ಎಂದು ಅವನು ಎಂದೋ ತೀರ್ಮಾನಿಸಿಬಿಟ್ಟಿದ್ದ.

ಹಾಗಾಗಿ ಅವನು ಕೇಳಲಿಲ್ಲ. ಒಂದು ಭಾನುವಾರ ಮಾವ ಯಾರದೋ ಮನೆಗೆ ಕುರ್ಚಿ ಕೊಟ್ಟು ಬರಲು ಹೋದಾಗ ಮೆಲ್ಲಗೆ ಕೆಳಗಿಳಿದು, ಮುಖಕ್ಕೆ ಸೋಪು ಬಳಿದುಕೊಂಡು, ಕತ್ತಿ ಬಿಡಿಸಿದ. ಮೊದಲ ಎಳೆತಕ್ಕೇ ಗದ್ದದಿಂದ ರಕ್ತ ಬಂತು. ಬೆಚ್ಚಿಬಿದ್ದು ಕೈ ಕೊಡವಿದಾಗ ಕತ್ತಿ ನಲ್ಲಿಗೆ ತಗಲಿ ಠಣ್ ಎಂದಿತು.

ಮಾವ ಬರುವ ಹೊತ್ತಿಗೆ ಅವನು ಗದ್ದಕ್ಕೆ ಹತ್ತಿ ಒತ್ತಿಕೊಂಡು, ಓಡಿಹೋಗುವುದೋ ಬೇಡವೋ ಎಂದು ಮೆಟ್ಟಿಲ ಬುಡದಲ್ಲೇ ನಿಂತಿದ್ದ. ಮಾವ ಗದ್ದದ ಮೇಲಿನ ಹತ್ತಿಯನ್ನು ನೋಡಿದರು. ಕತ್ತಿ ತೆಗೆದು ಬೆಳಕಿಗೆ ಹಿಡಿದರು.

"ಬಿಸಿನೀರು ಹಾಕ್ಕೊಂಡಿದ್ರಾ?"

"ಇಲ್ಲ ಮಾವ."

"ತೊಗಲಿನ ಮೇಲೆ ಎಳೆದ್ರಾ?"

"ಯಾವ ತೊಗಲು ಮಾವ?"

ಮಾವ ನಿಟ್ಟುಸಿರು ಬಿಟ್ಟರು. "ಕತ್ತಿ ಬಾಯಿ ಒಂಚೂರು ಹೋಗಿದೆ, ಸಾಣೆಕಲ್ಲಿಗೆ ಹಿಡಿದ್ರೆ ಸರಿಹೋಗತ್ತೆ. ಗಾಯ ಒಣಗ್ಲಿ. ಬರೋ ಭಾನುವಾರ ಬಂದು ಕೂತ್ಕೊಳ್ಳಿ."

ಆ ವಾರವಿಡೀ ಡ್ರೈವರನ ಮನಸ್ಸು ಸ್ಟೇರಿಂಗ್ ಮೇಲಿರಲಿಲ್ಲ. ಕಂಡಕ್ಟರ್ ವಿಷಯ ಕೇಳಿ ಬಿದ್ದುಬಿದ್ದು ನಕ್ಕ. "ಮಗಳನ್ನ ಎಗರಿಸ್ಕೊಂಡು ಹೋದೋನು ಮಾವನ ಕೈಗೆ ಕತ್ತು ಕೊಡ್ತಾನಂತೆ. ಒಂದು ರಜಾ ಚೀಟಿ ಬರೆದಿಟ್ಟು ಹೋಗಪ್ಪ, ನಾವು ಬೇರೆ ಡ್ರೈವರ್ ನೋಡ್ಕೋಬೇಕಾಗತ್ತೆ."

ಭಾನುವಾರ ಬಂತು. ಮಾವ ಅಂಗಡಿಯ ಮಧ್ಯದ ಹೊಟ್ಟು, ಚಕ್ಕೆಗಳನ್ನೆಲ್ಲ ಗುಡಿಸಿ, ಕಿಟಕಿಯ ಪಕ್ಕ ಕುರ್ಚಿ ಹಾಕಿದ್ದರು. ಮಗಳು ಗುಬ್ಬಿಯನ್ನು ಎತ್ತಿಕೊಂಡು ಮೆಟ್ಟಿಲ ಮೇಲೆ ಕೂತಳು. ಮಾವ ಬಿಸಿನೀರಲ್ಲಿ ಅದ್ದಿ ಹಿಂಡಿದ ಟವೆಲನ್ನು ಅಳಿಯನ ಮುಖಕ್ಕೆ ಹೊದಿಸಿ, ಅದು ಆರುವ ತನಕ ತೊಗಲಿನ ಪಟ್ಟಿಯ ಮೇಲೆ ಕತ್ತಿಯನ್ನು ಅತ್ತಿಂದಿತ್ತ ಎಳೆದರು. ಟವೆಲಿನ ಕತ್ತಲೆಯೊಳಗೆ ಆ ಸದ್ದು ಕೇಳುತ್ತಿದ್ದರೆ ಡ್ರೈವರನಿಗೆ ಕಂಡಕ್ಟರ್ ಹೇಳಿದ ರಜಾ ಚೀಟಿ ನೆನಪಾಗುತ್ತಿತ್ತು. ಆಮೇಲೆ ಬ್ರಷ್ಷಿನಲ್ಲಿ ನೊರೆ ಬಳಿದು, ಕೆನ್ನೆಯ ಚರ್ಮವನ್ನು ಹೆಬ್ಬೆರಳಲ್ಲಿ ಮೇಲಕ್ಕೆಳೆದು, ಕತ್ತಿ ಇಟ್ಟರು. ಇಟ್ಟ ಮೇಲೆ ಹೇಳಿದರು:

"ಅಲುಗಾಡಬೇಡಿ. ನಾನು ನನ್ನ ಮುಖ ಬಿಟ್ಟು ಬೇರೆಯವರ ಮುಖಕ್ಕೆ ಇವತ್ತಿನವರೆಗೂ ಕತ್ತಿ ಹಚ್ಚಿಲ್ಲ."

ಡ್ರೈವರ್ ಉಗುಳು ಕೂಡ ನುಂಗಲಿಲ್ಲ. ಮಾವನ ಹಣೆಯ ಮೇಲೂ ಬೆವರು ಮೂಡಿತ್ತು.

"ಹಲಗೆ ಆದ್ರೆ ಕೆಟ್ಟರೆ ಇನ್ನೊಂದು ತರಬಹುದು," ಮಾವ ತಮ್ಮಷ್ಟಕ್ಕೆ ಎಂಬಂತೆ ಅಂದರು. "ಇವನೊಬ್ಬನೇ ಇರೋದು."

ಮೊದಲು ಕೂದಲು ಬೆಳೆದ ದಿಕ್ಕಿಗೆ, ಸಣ್ಣಸಣ್ಣ ಎಳೆತ. ಕತ್ತಿಯನ್ನು ಚರ್ಮಕ್ಕೆ ಹೆಚ್ಚುಕಡಿಮೆ ಮಲಗಿಸಿಯೇ ಹಿಡಿದಿದ್ದರು, ಒತ್ತುತ್ತಿರಲಿಲ್ಲ. ಸರಸರ ಸದ್ದು ಬಿಟ್ಟರೆ ಅಂಗಡಿ ನಿಶ್ಶಬ್ದ. ಗದ್ದದ ಕೆಳಗೆ ಬಂದಾಗ ಮಾವ ಅಳಿಯನ ತಲೆಯನ್ನು ಹಿಂದಕ್ಕೆ ಬಾಗಿಸಿದರು. ಅವನು ಬಾಯಿ ತೆರೆಯುವ ಹಾಗೇ ಇರಲಿಲ್ಲ. ಅದೇ ಮಾವನಿಗೆ ಧೈರ್ಯ ಕೊಟ್ಟಿತೋ ಏನೋ.

"ಮದುವೆಗೆ ಮುಂಚೆ ಒಂದಿನ ನಿನ್ನ ಬಸ್ಸು ಹತ್ತಿದ್ದೆ," ಅಂದರು. "ಹಿಂದಿನ ಸೀಟಲ್ಲಿ ಕೂತಿದ್ದೆ, ನಿಂಗೆ ಗೊತ್ತಾಗ್ಲಿಲ್ಲ. ಮಗಳು ಯಾರನ್ನ ಹಿಡ್ಕೊಂಡು ಬಂದಿದಾಳೆ ನೋಡೋಣ ಅಂತ."

ಡ್ರೈವರನ ಕಣ್ಣು ಅಗಲವಾಯಿತು. ಬಸ್ಸಿನ ಮಾತಿಗೂ ಮುಂಚೆ ಆ 'ನೀನು' ಅವನ ಕಿವಿಗೆ ಬಿದ್ದಿತ್ತು.

"ಒಬ್ಬಳು ಹೆಂಗಸು ಕೈಯಲ್ಲಿ ಮಗು, ಬಗಲಲ್ಲಿ ಚೀಲ, ಓಡಿ ಬರ್ತಿದ್ಲು. ಬಸ್ಸಲ್ಲಿ ಇದ್ದೋರೆಲ್ಲ ಹೊರಡು ಹೊರಡು ಅಂತ ಬೊಬ್ಬೆ. ನೀನು ಗಾಡಿ ಆಫ್ ಮಾಡಿ ಕೂತ್ಬಿಟ್ಟೆ. ಅವಳು ಹತ್ತಿ ಕೂತ್ಕೊಂಡ ಮೇಲೇ ಹೊರಟಿದ್ದು. ನಾನು ಮುಂದಿನ ಸ್ಟಾಪಲ್ಲಿ ಇಳ್ಕೊಂಡೆ. ಇನ್ನೇನು ನೋಡೋದಿತ್ತು?"

ಕತ್ತಿ ಒರೆಸಿ ಮತ್ತೆ ಇಟ್ಟರು.

"ಇದನ್ನ ಹೇಳಬೇಕು ಅಂತ ಎಷ್ಟೋ ಸಲ ಅಂದ್ಕೊಂಡೆ. ನಂಗೆ ಮಾತು ಬರಲ್ಲಪ್ಪ. ಮರದ ಜೊತೆ ಇದ್ದೂ ಇದ್ದೂ ಹಿಂಗಾಗಿದೀನಿ. ನೀನು ಬೇರೆ ಏನೋ ತಿಳ್ಕೊಂಡಿದೀಯ ಅಂತ ಗೊತ್ತಿತ್ತು."

ಮೆಟ್ಟಿಲ ಮೇಲಿದ್ದ ಮಗಳು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಅಪ್ಪಾ, ಅವರನ್ನ ಈಗ ಅಳಿಸಬೇಡ. ಅಲುಗಾಡಿದ್ರೆ ಕತ್ತು ಕುಯ್ದುಹೋಗತ್ತೆ."

ಡ್ರೈವರ್ ಅಳಲೂ ಆಗದೆ, ನಗಲೂ ಆಗದೆ ಸೂರು ನೋಡುತ್ತ ಕೂತಿದ್ದ. ಕಣ್ಣಿನ ಅಂಚಿನಿಂದ ಇಳಿದದ್ದು ನೊರೆಯೊಳಗೆ ಸೇರಿಹೋಯಿತು.

ಮಾವ ಇನ್ನೊಮ್ಮೆ ನೊರೆ ಬಳಿದು, ಈ ಸಲ ಅಡ್ಡಕ್ಕೆ, ಮತ್ತಷ್ಟು ಹಗುರವಾಗಿ ಕತ್ತಿ ಎಳೆದರು. ತಣ್ಣೀರಲ್ಲಿ ಮುಖ ತೊಳೆಸಿ, ಹೊಸ ಹಲಗೆಯ ನುಣುಪು ನೋಡುವಂತೆ ಕೈಯ ಹಿಂಬದಿಯಿಂದ ಸವರಿ, ಹ್ಞೂಂ ಅಂದರು. ಡ್ರೈವರ್ ತಾನೂ ಮುಟ್ಟಿಕೊಂಡು ನೋಡಿದ. ಬೇರೆ ಯಾರದೋ ಕೆನ್ನೆ ಅನ್ನಿಸಿತು.

"ಮಾವ," ಎಂದು ಶುರು ಮಾಡಿದ.

"ಗೊತ್ತಾಯ್ತು ಬಿಡು," ಅಂದರು ಮಾವ, ಬ್ರಷ್ಷು ತೊಳೆಯುತ್ತ.

ಹೆಂಡತಿ ಗುಬ್ಬಿಯನ್ನು ಅವನ ಕೈಗಿತ್ತಳು. ಗುಬ್ಬಿ ಅನುಮಾನದಿಂದ ಅವನನ್ನೇ ದಿಟ್ಟಿಸಿತು. ಯಾರಿವನು ಎನ್ನುವಂತೆ ಮೂಗು ಹಿಡಿದು ಎಳೆಯಿತು. ಮೂವರೂ ಕಾದರು. ಅಂಗೈಯಿಂದ ಕೆನ್ನೆ ಪಟಪಟ ಬಡಿದು, ಸ್ವಲ್ಪ ಯೋಚಿಸಿ, ಗುಬ್ಬಿ ತನ್ನ ಒದ್ದೆ ಬಾಯಿಯನ್ನು ಅಲ್ಲಿಗೇ ಒತ್ತಿತು. ಡ್ರೈವರ್ ಆ ಕುರ್ಚಿಯಿಂದ ಮಧ್ಯಾಹ್ನದ ಊಟದವರೆಗೂ ಏಳಲಿಲ್ಲ.

ಆಮೇಲೆ ಅವನು ತಾನೇ ಕಲಿತ. ಮೊದಮೊದಲು ಬೆಕ್ಕಿನ ಜೊತೆ ಜಗಳವಾಡಿ ಬಂದವನ ಹಾಗೆ ಕಾಣುತ್ತಿದ್ದ. ಬರಬರುತ್ತ ಕೈ ಪಳಗಿತು. ಈಗ ವಾರದ ದಿನಗಳಲ್ಲಿ ಯಾರ ಸಹಾಯವೂ ಇಲ್ಲದೆ, ಒಂದು ಗೀರೂ ಇಲ್ಲದೆ ಮುಗಿಸಿ ಕೆಲಸಕ್ಕೆ ಹೊರಡುತ್ತಾನೆ. ಆದರೆ ಭಾನುವಾರ ಬಂತೆಂದರೆ ಟವೆಲು ಹೆಗಲಿಗೆ ಹಾಕಿಕೊಂಡು ಕೆಳಗಿಳಿಯುತ್ತಾನೆ.

"ಮಾವ, ಗದ್ದದ ಕೆಳಗೆ ಮಾತ್ರ ನಂಗೆ ಬರ್ತಿಲ್ಲ."

"ಇಷ್ಟು ದಿನ ಆದ್ರೂ ಬರಲ್ಲ ಅಂದ್ರೆ ನೀನೆಂಥಾ ದಡ್ಡನಯ್ಯ," ಎನ್ನುತ್ತಾರೆ ಮಾವ. ಅಷ್ಟರಲ್ಲಾಗಲೇ ಅವರು ನೀರು ಬಿಸಿಗಿಟ್ಟಿರುತ್ತಾರೆ.